ಅಂಚಿನ ತೇವ

"ನೆಕ್ಕೇ, ನೆಕ್ಕು. ನಾಚ್ಕೊಳ್ಳೋಕೆ ನೀನೇನು ಮದುವೆ ಹೆಣ್ಣಾ?"

ಧಣಿ ಹಾಗೆಂದಾಗ ಅವನ ಹಿಂದೆ ನಿಂತಿದ್ದ ಅತಿಥಿಗಳು ನಕ್ಕರು. ನಾನು ಒದ್ದೆ ಸಿಮೆಂಟಿನ ಮೇಲೆ ಮೊಣಕಾಲೂರಿ, ಹಾಸಿದ್ದ ಹಾಯಿಯ ಕೆಳಗಿನ ಅಂಚನ್ನು ಎರಡೂ ಕೈಯಿಂದ ಎತ್ತಿ ನಾಲಿಗೆ ತಾಗಿಸಿದೆ. ಹೊಸದೇನಲ್ಲ, ಹನ್ನೆರಡು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಸಮುದ್ರದಿಂದ ಬಂದ ಹಾಯಿಯನ್ನು ಎಷ್ಟು ತೊಳೆದರೂ ದಪ್ಪ ಹೊಲಿಗೆಯೊಳಗೆ ಉಪ್ಪು ಅವಿತುಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಬಟ್ಟೆಗೆ ಬೂಷ್ಟು ಹಿಡಿಸುತ್ತದೆ. ಹಾಗಾಗಿ ತೊಳೆಯುವ ಅಂಗಳದಲ್ಲಿ ನಾವು ಹನ್ನೊಂದು ಹೆಂಗಸರೂ ನೆಕ್ಕುತ್ತೇವೆ. ನಮ್ಮಷ್ಟಕ್ಕೆ ನಾವು ಮಾಡಿಕೊಂಡರೆ ಅದು ಕೆಲಸ. ನೋಡಲು ಜನ ಕರೆತಂದು ಮಾಡಿಸಿದರೆ ಅದರ ಹೆಸರೇ ಬೇರೆ.

"ಏನಂತೆ?"

"ಇನ್ನೂ ಇದೆ ಧಣಿ. ಇನ್ನೊಂದು ನೀರು ಕಾಣ್ಬೇಕು."

"ನೋಡಿದ್ರಾ? ಮಷೀನು ಬೇಡ, ಮಣ್ಣು ಬೇಡ. ನಮ್ಮ ಎಡಚಿ ನಾಲಿಗೆ ಒಂದಿದ್ರೆ ಸಾಕು."

ಎಡಚಿ ಅಂದರೆ ನಾನು. ಎಡಗೈ ಬಳಸುತ್ತೇನೆಂದು ಅಂಗಳಕ್ಕೆ ಕಾಲಿಟ್ಟ ದಿನವೇ ಮೇಸ್ತ್ರಿ ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವರ ಜೊತೆಗೇ ಹೋಯಿತು.

ಅತಿಥಿಗಳಲ್ಲಿ ಒಬ್ಬಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ ಪಾಪ, ಹೊಟ್ಟೆ ಕೆಡಲ್ವಾ?" ಅಂದಳು. ಕೇಳಿದ್ದು ನನ್ನನ್ನಲ್ಲ, ಧಣಿಯನ್ನು.

"ಇವರ ಹೊಟ್ಟೆಗೆ ಕಲ್ಲು ಹಾಕಿದ್ರೂ ಕರಗುತ್ತೆ ಬಿಡಿ. ಬನ್ನಿ, ಉಗ್ರಾಣ ನೋಡುವಿರಂತೆ. ಏಯ್ ಚಿಕ್ಕವಳೇ! ಕೈ ತೊಳ್ಕೊಂಡು ಬಾ ಇಲ್ಲಿ. ಇವಳೇ ನೋಡಿ, ಇನ್ಮೇಲೆ ನಮ್ಮ ಉಗ್ರಾಣ ನೋಡ್ಕೊಳ್ಳೋಳು."

ನನಗೆ ಸುದ್ದಿ ತಿಳಿದದ್ದು ಹೀಗೆ. ಬಾಯಲ್ಲಿ ಹಾಯಿಯ ಅಂಚು, ಕಿವಿಯಲ್ಲಿ ಆ ಮಾತು. ಚಿಕ್ಕವಳು ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲೇ ಹಾದು ಹೋದಳು. ನನ್ನತ್ತ ನೋಡಲಿಲ್ಲ. ನೋಡಿದ್ದರೂ ಸುಟ್ಟುಹೋಗುತ್ತಿದ್ದೆ, ನೋಡದಿದ್ದಕ್ಕೂ ಸುಟ್ಟುಹೋದೆ.

ಚಿಕ್ಕವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಮನೆಗೆ ಬಂದು ನಾಲ್ಕು ವರ್ಷ. ಅವಳನ್ನು ಈ ಅಂಗಳಕ್ಕೆ ಕೈಹಿಡಿದು ಕರೆತಂದವಳು ನಾನು. ಹಾಯಿಯನ್ನು ಗಟ್ಟಿ ಬ್ರಷ್ಷಿನಲ್ಲಿ ಉಜ್ಜಬಾರದು, ಬಿಳುಪಿಸುವ ಪುಡಿ ಮುಟ್ಟಿಸಬಾರದು, ಗಾಳಿಗೆ ಪಟಪಟ ಬಡಿಯಲು ಬಿಡಬಾರದು, ನೆರಳಲ್ಲೇ ಒಣಗಿಸಬೇಕು ಎಂದು ಹೇಳಿಕೊಟ್ಟವಳೂ ನಾನೇ. ಬಿಸಿಲು ಹಾಯಿಗೆ ಆಗದು. ನಮ್ಮ ಬೆನ್ನಿಗೆ ಆಗುತ್ತದೆ.

ಉಗ್ರಾಣದ ಕೆಲಸ ಅಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮಳೆ ಶುರುವಾಯಿತೆಂದರೆ ಧಣಿಯ ದೋಣಿಗಳೆಲ್ಲ ದಡ ಸೇರುತ್ತವೆ. ಹಾಯಿಗಳೆಲ್ಲ ತೊಳೆದು, ಒಣಗಿ, ಮಡಿಸಿ, ಚೀಲ ಸೇರಿ ಉಗ್ರಾಣದ ಅಟ್ಟಣೆ ಏರಿದ ಮರುದಿನವೇ ನಮ್ಮನ್ನು ಮನೆಗೆ ಕಳಿಸುತ್ತಾರೆ. ನಾಲ್ಕು ತಿಂಗಳು ಕೆಲಸವಿಲ್ಲ. ದೋಣಿ ಎಳೆಯುವ ನಮ್ಮ ಗಂಡಂದಿರಿಗೂ ಇಲ್ಲ. ಉಳಿಯುವವಳು ಒಬ್ಬಳೇ, ಉಗ್ರಾಣದವಳು. ಹದಿನೈದು ದಿನಕ್ಕೊಮ್ಮೆ ಹಾಯಿ ಬಿಚ್ಚಿ ಹಳೆಯ ಗೆರೆ ತಪ್ಪಿಸಿ ಹೊಸದಾಗಿ ಮಡಿಸಬೇಕು, ಇಲ್ಲವಾದರೆ ಮಡಿಕೆಯ ಜಾಗದಲ್ಲೇ ಬಟ್ಟೆ ಸೀಳುತ್ತದೆ. ಮಳೆ ಬಿಟ್ಟು ಹೊಳವಾದ ದಿನ ಕಿಟಕಿ ತೆಗೆಯಬೇಕು. ಇಲಿ ನೋಡಬೇಕು. ಕಾಲಡಿಯಲ್ಲಿ ಒಣನೆಲ, ಕೂರಲು ಒಂದು ಕುರ್ಚಿ, ತಿಂಗಳಾದರೆ ಕೂಲಿ. ಅಲ್ಲಿದ್ದ ಮುದುಕಿಗೆ ಕಣ್ಣು ಮಂಜಾದಾಗಿನಿಂದ ಆ ಕುರ್ಚಿ ನನ್ನದೆಂದೇ ನಾನು ನಂಬಿದ್ದೆ. ಹನ್ನೆರಡು ವರ್ಷ ನಂಬಿದ್ದೆ ಅಂದರೂ ಸುಳ್ಳಲ್ಲ.

ನಿಜ ಹೇಳಲೇ? ನನಗೆ ಆ ಹಾಯಿಗಳನ್ನು ಕಂಡರೂ ಹೊಟ್ಟೆಕಿಚ್ಚು. ಅವಕ್ಕೆ ಪೈಪಿನ ಸಿಹಿನೀರಿನ ಸ್ನಾನ, ನಮಗೆ ಬಾವಿಯ ಸವಳು ನೀರು. ಅವಕ್ಕೆ ಗಾಳಿಯಾಡುವ ಕೋಣೆ, ಸೋರದ ಮಾಡು. ನಮ್ಮ ಮನೆಯಲ್ಲಿ ಮಳೆ ಬಂದರೆ ಅತ್ತೆಯ ಹಾಸಿಗೆ ಎಳೆಯುವುದೋ ಒಲೆ ಮುಚ್ಚುವುದೋ ಎಂದು ಓಡಾಡಬೇಕು. ನಾನು ಹಾಯಿಯಾಗಿ ಹುಟ್ಟಬೇಕಿತ್ತು ಎಂದು ಎಷ್ಟೋ ಸಲ ಬೈದುಕೊಂಡಿದ್ದೇನೆ.

*

ಮೇಸ್ತ್ರಿ ಬೀಡಿ ಹಚ್ಚುತ್ತಿದ್ದಾಗ ಹಿಡಿದುಕೊಂಡೆ.

"ಮೇಸ್ತ್ರೀ, ನಾನೇನು ತಪ್ಪು ಮಾಡ್ದೆ?"

"ಯಾವುದಕ್ಕೆ?"

"ಗೊತ್ತಿಲ್ಲದೋರ ಥರ ಆಡಬೇಡಿ. ಉಗ್ರಾಣಕ್ಕೆ."

ಅವನು ಹೊಗೆ ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೋದ್ವರ್ಷ ಪೈಪಿನ ನೀರು ಕುಡಿಯೋಕೂ ಬೇಕು ಅಂತ ಗಂಟಲು ಹರ್ಕೊಂಡೋಳು ಯಾರು?"

"ಕುಡಿಯೋ ನೀರು ಕೇಳಿದ್ದೇ ತಪ್ಪಾ?"

"ನೋಡು, ಈಗ್ಲೂ ಕೇಳ್ತಿದೀಯ. ಧಣಿಗೆ ಬಾಯಿಲ್ಲದೋಳು ಬೇಕು. ಚಿಕ್ಕವಳು ಕೊಟ್ಟಿದ್ದು ಹಾಕ್ಕೊಂಡು ಕೂತಿರ್ತಾಳೆ."

ಅವನ ಕಾಲ ಬಳಿ ಯಾರೋ ಪೈಪಿನಿಂದ ಹಿಡಿದಿಟ್ಟುಕೊಂಡಿದ್ದ ಬಿಂದಿಗೆ ಇತ್ತು. ಮಾತಾಡುತ್ತಲೇ ಅದನ್ನು ಕಾಲಲ್ಲಿ ತಳ್ಳಿ ಉರುಳಿಸಿದ. ನೀರು ಹರಿದು, ಒಣಗಲು ಹಾಕಿದ ಹಾಯಿಯ ಕಡೆ ಹೋಗುವುದನ್ನು ಕಂಡು ಗಾಬರಿಯಾಗಿ, "ಏಯ್, ಒರ್ಸೇ, ಒರ್ಸು ಬೇಗ! ಹಾಯಿ ಒದ್ದೆಯಾಗುತ್ತೆ!" ಎಂದು ಕೂಗಿದ. ಒರೆಸಿದೆ.

ಆ ಸಂಜೆ ಮನೆಯಲ್ಲಿ ಅತ್ತೆ ಚಹಾ ಬಗ್ಗಿಸಿ ಮೊದಲ ಲೋಟ ಚಿಕ್ಕವಳ ಕೈಗೆ ಕೊಟ್ಟಳು. ಇಷ್ಟು ವರ್ಷ ಮೊದಲ ಲೋಟ ನನ್ನದು. ಅತ್ತೆಗೆ ಯಾರ ಮೇಲೂ ದ್ವೇಷವಿಲ್ಲ. ಮಳೆಗಾಲಕ್ಕೆ ಅಕ್ಕಿ ತರುವವರು ಯಾರೋ ಅವರ ಕಡೆ ಅವಳ ಸೌಟು ವಾಲುತ್ತದೆ, ಅಷ್ಟೇ. ಅಷ್ಟೇ ಎಂದು ಹೇಳುವುದು ಸುಲಭ. ಎರಡನೆಯ ಲೋಟ ಹಿಡಿದು ನೋಡಲಿ ಯಾರಾದರೂ.

ಚಿಕ್ಕವಳು ತನ್ನ ಲೋಟವನ್ನು ನನ್ನ ಮುಂದೆ ಸರಿಸಿದಳು. "ಅಕ್ಕ, ನಾನಾಗಿ ಕೇಳ್ಲಿಲ್ಲ ಕಣಕ್ಕ. ನನ್ನಾಣೆ."

"ಅದೇ ಉರಿ ಕಣೇ. ನಾನು ಹನ್ನೆರಡು ವರ್ಷ ಕೇಳ್ದೆ. ನೀನು ಕೇಳದೇ ಸಿಕ್ತು."

"ನಾಲ್ಕು ತಿಂಗಳು ಮನೆ ನಡೆಯುತ್ತಲ್ಲ ಅಕ್ಕ. ಯಾರು ದುಡಿದ್ರೇನು, ಒಂದೇ ಒಲೆ."

ಒಂದೇ ಒಲೆಯಂತೆ! ಇನ್ನು ಬೆಂಕಿಪೊಟ್ಟಣಕ್ಕೂ ಅವಳನ್ನು ಕೇಳಬೇಕು ನಾನು. ಚಹಾ ಮುಟ್ಟದೆ ಎದ್ದು ಹೊರಗೆ ಹೋದೆ. ಹಿಂದೆ ಅತ್ತೆ, "ಹೋಗ್ಲಿ ಬಿಡೇ, ಅವಳಿಗೆ ಸಿಟ್ಟು ಬಂದ್ರೆ ಮೂರು ದಿನ" ಅನ್ನುವುದು ಕೇಳಿಸಿತು. ಮೂರು ದಿನವಲ್ಲ, ಮೂರು ತಿಂಗಳಾದರೂ ನನ್ನ ಸಿಟ್ಟು ಹಳಸುವುದಿಲ್ಲ ಎಂದು ಆ ಮುದುಕಿಗೆ ಗೊತ್ತಿಲ್ಲ.

*

ದೊಡ್ಡ ಹಾಯಿಯನ್ನು ಮಡಿಸಲು ಇಬ್ಬರು ಬೇಕು. ಒಂದು ತುದಿಗೆ ಒಬ್ಬಳು, ಇನ್ನೊಂದು ತುದಿಗೆ ಒಬ್ಬಳು. ಬಟ್ಟೆ ಬಿಗಿಯಾಗಿ ಎಳೆದು, ನೆರಿಗೆ ಹಿಡಿದಂತೆ ಒಂದರ ಮೇಲೊಂದು ಇಡುತ್ತ ಬರಬೇಕು. ನಾಲ್ಕು ವರ್ಷ ನನ್ನ ಎದುರು ತುದಿಯಲ್ಲಿ ನಿಂತವಳು ಚಿಕ್ಕವಳೇ. ಧಣಿಯ ಸ್ವಂತ ದೋಣಿಯ ಮುಂದಿನ ಸಣ್ಣ ಹಾಯಿಗೆ ಮಾತ್ರ ಒಬ್ಬಳೇ ಸಾಕು.

ಆ ಸಣ್ಣ ಹಾಯಿಯನ್ನು ನಾನೊಬ್ಬಳೇ ಮಡಿಸಿದೆ.

ಹಾಯಿಯ ಮೈ ಒಂದು ದಿನಕ್ಕೆ ಒಣಗುತ್ತದೆ. ಕೆಳಗಿನ ಅಂಚಿನಲ್ಲಿ ಹಗ್ಗ ಹೊಲಿದಿರುವುದರಿಂದ ಅಲ್ಲಿ ತೇವ ಇನ್ನೊಂದು ದಿನ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಹಿಂಡಿ ನೋಡಿದರೆ ತಣ್ಣಗಿರುತ್ತದೆ. ನಾನು ಹಿಂಡಿ ನೋಡಿದೆ. ತಣ್ಣಗಿತ್ತು. ಆ ಅಂಚನ್ನೇ ಎಲ್ಲಕ್ಕಿಂತ ಒಳಗಿಟ್ಟು ಮಡಿಸಿ, ಸುತ್ತಿ, ಚೀಲದ ಬಾಯಿ ಬಿಗಿದೆ. ಉಗ್ರಾಣಕ್ಕೆ ಹೊತ್ತೊಯ್ದು ಕೆಳಗಿನ ಅಟ್ಟಣೆಯ ಗೋಡೆಯ ಬದಿಗೆ ತಳ್ಳಿದೆ.

"ಒಣಗಿದೆಯಾ ಅಕ್ಕ?" ಕುರ್ಚಿಯಿಂದ ಎದ್ದು ನಿಂತು ಚಿಕ್ಕವಳು ಕೇಳಿದಳು.

"ನನ್ನನ್ನೇ ಕೇಳ್ತೀಯಾ?"

"ಅಯ್ಯೋ, ಇಲ್ಲಕ್ಕ. ನೀನು ಇಟ್ಟ ಮೇಲೆ ಮುಗೀತು."

ಸಂತೋಷವಾಯಿತು ನನಗೆ. ಸುಳ್ಳೇಕೆ ಹೇಳಲಿ? ಮನೆಗೆ ಹೋಗುವ ದಾರಿಯಲ್ಲಿ ಹಾಡು ಗುನುಗಿಕೊಂಡೆ.

ಮುಂದಿನ ಹದಿನೈದು ದಿನ ನಾನು ಕಾದದ್ದು ಬೂಷ್ಟಿಗೆ. ಸಂಜೆ ಚಿಕ್ಕವಳು ಮನೆಗೆ ಬಂದು ಬಟ್ಟೆ ಬದಲಿಸಿದರೆ, ಅವಳು ಕಳಚಿಟ್ಟದ್ದನ್ನು ಕದ್ದು ಮೂಸುತ್ತಿದ್ದೆ. ಮುಗ್ಗಲು ವಾಸನೆ ಬಂದಿದೆಯೇ? ಇಲ್ಲ, ಒಣ ಬಟ್ಟೆಯ ವಾಸನೆ. ಅವಳ ಹಿಮ್ಮಡಿಯ ಬಿರುಕುಗಳು ಮುಚ್ಚಿಕೊಂಡವು. ಉಗುರು ಬೆಳೆಯಿತು. ನನ್ನ ಕಾಲಿನ ಸಂದಿಗಳಲ್ಲಿ ಸಾಬೂನು ನೀರು ಕಚ್ಚಿ ಕೆಂಪಾಗಿರುವಾಗ ಅವಳು ಪಕ್ಕದಲ್ಲಿ ಕೂತು ನಯವಾದ ಕಾಲು ಚಾಚುತ್ತಿದ್ದಳು. ಬೇಕೆಂದೇ ಚಾಚುತ್ತಾಳೆ ಎಂದು ನನಗನ್ನಿಸುತ್ತಿತ್ತು. ಕಾಲು ಇರುವುದೇ ಚಾಚಲು ಎಂಬುದು ಆಗ ತಲೆಗೆ ಹೋಗಲಿಲ್ಲ.

ಒಂದು ದಿನ ಕೆಲಸ ಬಿಡುವ ಹೊತ್ತಿನಲ್ಲಿ ಉಗ್ರಾಣದ ಬಾಗಿಲು ದಾಟುತ್ತಿದ್ದೆ. ಮೇಸ್ತ್ರಿ ಚಿಕ್ಕವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮೈ ತಡವುತ್ತಿದ್ದ. ಹಾಯಿಬಟ್ಟೆಯ ತುಂಡು ಕದ್ದಿದ್ದಾಳೋ ಎಂದು ನೋಡುವುದಂತೆ. ಸೊಂಟ, ಎದೆ, ಮತ್ತೆ ಸೊಂಟ. ಅಷ್ಟು ಹುಡುಕಲು ಅವಳ ಮೈಮೇಲೆ ಜಾಗವೇ ಇಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ, ಯಾವುದೋ ಲೆಕ್ಕ ಮಾಡುವವಳಂತೆ ತುಟಿ ಅಲ್ಲಾಡಿಸುತ್ತ ನಿಂತಿದ್ದಳು. ನನಗೆ ಮರುಕ ಬರಲಿಲ್ಲ. ಇಷ್ಟಕ್ಕೇ ಕುರ್ಚಿ ಸಿಗುವುದಾದರೆ ನನ್ನನ್ನೂ ತಡವಲಿ ಬಿಡು ಅಂದುಕೊಂಡೆ. ಹಾಗೆ ಅಂದುಕೊಂಡವಳು ನಾನೇ, ಬೇರೆ ಯಾರೂ ಅಲ್ಲ.

*

ಮಳೆಗೆ ಮುಂಚೆ ಇನ್ನೊಂದು ಸುತ್ತು ಸಮುದ್ರಕ್ಕೆ ಹೋಗಬೇಕೆಂದು ಧಣಿಗೆ ಹುಕಿ ಬಂತು. ಅವನ ಸಣ್ಣ ಹಾಯಿ ಬಿಚ್ಚಿದರು.

ನಮ್ಮನ್ನೆಲ್ಲ ಉಗ್ರಾಣದ ಜಗಲಿಗೆ ಕರೆಸಿದಾಗ ಧಣಿಯ ಮುಖ ಕೆಂಡವಾಗಿತ್ತು. ಹಾಯಿಯ ಬಿಳಿ ಮೈಮೇಲೆ ಉದ್ದಕ್ಕೂ ಕಪ್ಪು ಚುಕ್ಕಿ, ಅಂಚಿನಲ್ಲಿ ಹಸಿರು. ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಹಿಡಿದಿತ್ತು. ಬೇರೆ ಹಾಯಿಗಳಿಗೂ ತಗುಲಿರಬಹುದೆಂದು ಮೇಸ್ತ್ರಿ ಎಲ್ಲವನ್ನೂ ಹೊರಗೆ ತರಿಸಿ ಅಂಗಳದ ತುಂಬ ಹಾಸಿಸಿದ್ದ. ನಲವತ್ತಕ್ಕೂ ಮೇಲಿತ್ತು. ಬಿಸಿಲಿಲ್ಲದ ಮಧ್ಯಾಹ್ನ, ಸಮುದ್ರದ ಕಡೆಯಿಂದ ಮೋಡ ಏರುತ್ತಿತ್ತು.

"ಏನೇ ಇದು?" ಧಣಿ ಚಿಕ್ಕವಳ ಕುತ್ತಿಗೆಗೆ ಕೈ ಹಾಕಿ, ಕೋಣೆಯಲ್ಲಿ ಗಲೀಜು ಮಾಡಿದ ನಾಯಿಮರಿಯನ್ನು ಬಗ್ಗಿಸುವಂತೆ ಅವಳ ಮುಖವನ್ನು ಆ ಅಂಚಿಗೆ ಒತ್ತಿದ. "ಮೂಸು! ಮೂಸೇ ಮುಂಡೆ! ಕುರ್ಚಿ ಮೇಲೆ ಕೂತು ಕಾಲು ಅಲ್ಲಾಡಿಸೋಕೆ ನಿನ್ನನ್ನ ಇಟ್ಟಿದ್ದಾ?"

ಅವಳ ಮೂಗು ಕಪ್ಪಾಯಿತು. ಕೆಮ್ಮಿದಳು. ಆಮೇಲೆ ಅವಳ ಕಣ್ಣು ಮಡಿಕೆಯ ಗೆರೆಗಳ ಮೇಲೆ ನಿಂತಿತು.

ನಮ್ಮಲ್ಲಿ ಮಡಿಕೆ ನೋಡಿ ಯಾರ ಕೈ ಎಂದು ಹೇಳುತ್ತೇವೆ. ಎಲ್ಲರ ಮಡಿಕೆಯೂ ಬಲಕ್ಕೆ ಬಾಯಿ ತೆರೆಯುತ್ತದೆ, ನನ್ನದು ಎಡಕ್ಕೆ. ಧಣಿಗೆ ಅದು ಗೊತ್ತಿಲ್ಲ, ಮೇಸ್ತ್ರಿಗೂ ಇಲ್ಲ. ಇಪ್ಪತ್ತು ವರ್ಷ ನಮ್ಮ ಕೈ ಎಣಿಸಿದವರು ಒಂದು ದಿನವೂ ಕೈ ನೋಡಿದವರಲ್ಲ. ಆದರೆ ಹೆಂಗಸರಿಗೆಲ್ಲ ಗೊತ್ತು. ನಾಲ್ಕು ವರ್ಷ ನನ್ನ ಎದುರು ತುದಿ ಹಿಡಿದವಳಿಗಂತೂ ಕತ್ತಲಲ್ಲಿ ಮುಟ್ಟಿದರೂ ತಿಳಿಯುತ್ತದೆ.

ಚಿಕ್ಕವಳು ತಲೆಯೆತ್ತಿ ನನ್ನನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಬರೀ ಆಶ್ಚರ್ಯ.

"ಬೊಗಳು! ಯಾರು ಮಡಿಸಿದ್ದು?"

"ನಾನೇ ಧಣಿ. ತೇವ ನೋಡದೆ ಇಟ್ಟುಬಿಟ್ಟೆ. ತಪ್ಪಾಯ್ತು."

ಗೊಗ್ಗರಿ ಎಂದು ಕರೆಯುವ ಒಡಕು ಗಂಟಲಿನ ಹಿರಿಯಳು ನನ್ನನ್ನೇ ದಿಟ್ಟಿಸುತ್ತಿದ್ದಳು.

"ನಾಳೆಯಿಂದ ಇತ್ತ ತಲೆ ಹಾಕ್ಬೇಡ. ನಿನ್ನ ಗಂಡನೂ ಬೇಡ. ಒದ್ದು ಓಡ್ಸೋ ಇವಳನ್ನ."

ಇಲ್ಲಿಗೆ ನಾನು ಬಯಸಿದ್ದು ಆಗಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಮುಗಿಯುತ್ತಿತ್ತು. ಆದರೆ ನನ್ನೊಳಗೆ ಎದ್ದ ಉರಿ ಮೊದಲಿನದಕ್ಕಿಂತ ಜೋರಾಗಿತ್ತು. ಕುರ್ಚಿ ಅವಳಿಗೆ, ಮೊದಲ ಲೋಟ ಅವಳಿಗೆ, ನಯವಾದ ಹಿಮ್ಮಡಿ ಅವಳಿಗೆ. ಈಗ ಒಳ್ಳೆಯವಳು ಅನ್ನಿಸಿಕೊಳ್ಳುವುದೂ ಅವಳಿಗೇ ಹೋಗಬೇಕೇ? ನನ್ನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು, ಇಷ್ಟು ಜನರ ಎದುರು ನನ್ನನ್ನು ಹುಳ ಮಾಡಿ ಹೋಗುವವಳು ಇವಳು!

"ಸುಳ್ಳು ಹೇಳ್ಬೇಡ್ವೇ!" ಎಂದು ಕಿರುಚಿದೆ. "ನಿನ್ನ ದಾನ ಯಾರಿಗೆ ಬೇಕು? ಧಣಿ, ಮಡಿಸಿದ್ದು ನಾನು. ತೇವ ಇದೆ ಅಂತ ಗೊತ್ತಿದ್ದೇ ಮಡಿಸ್ದೆ. ಇವಳಿಗೆ ಕುರ್ಚಿ ಕೊಟ್ಟಿರಲ್ಲ, ನೋಡೋಕಾಗ್ಲಿಲ್ಲ, ಅದಕ್ಕೆ."

ಮೇಸ್ತ್ರಿ ಕೈ ಎತ್ತಿಕೊಂಡು ನನ್ನ ಕಡೆ ಬಂದ. ಧಣಿ ಅವನನ್ನು ತಡೆದ. ನನ್ನ ಕಡೆ ತಿರುಗಿದ. ಆಮೇಲೆ ನಕ್ಕ, ಒಳಗಿನಿಂದ ಖುಷಿಯಾಗಿ ನಕ್ಕ.

"ಹೊಟ್ಟೆಕಿಚ್ಚಾ? ಭಲೇ ಎಡಚಿ! ಒಂದೇ ಮನೆಯೋಳು, ಒಂದೇ ತಟ್ಟೇಲಿ ಉಣ್ಣೋಳು, ಅವಳಿಗೇ ಇಟ್ಟೆಯಲ್ಲೇ ಬತ್ತಿ! ಮೇಸ್ತ್ರಿ, ನಾವು ತಪ್ಪು ಮಾಡಿದ್ವಿ ಕಣೋ. ಬಾಯಿಲ್ಲದೋಳನ್ನ ಇಡಬಾರದಿತ್ತು. ಇಂಥೋಳನ್ನ ಇಡಬೇಕಿತ್ತು, ಪಕ್ಕದೋಳನ್ನ ನೋಡ್ತಾ ಇರೋಳನ್ನ." ನನ್ನ ಹೆಗಲಿಗೆ ಬೆರಳಿನಿಂದ ತಿವಿದ. "ಹಾಯಿ ನಷ್ಟ ಆಮೇಲೆ ನೋಡ್ಕೊಳ್ಳೋಣ. ಇವತ್ತಿಂದ ಉಗ್ರಾಣ ನಿನಗೇ. ಇವಳನ್ನ ನೀನೇ ಗೇಟಿನ ಹೊರಗೆ ದಬ್ಬು. ಆಮೇಲೆ ಬಂದು ಹಾಯಿ ಎಲ್ಲ ಒಳಗೆ ಹಾಕ್ಸು, ಮಳೆ ಬರೋ ಹಾಗಿದೆ."

ಸಿಕ್ಕಿತು. ನಾನು ಹನ್ನೆರಡು ವರ್ಷ ಕೇಳಿದ್ದು ಸಿಕ್ಕಿಬಿಟ್ಟಿತು.

ಸುತ್ತ ನೋಡಿದೆ. ಒಂಬತ್ತು ಹೆಂಗಸರ ಕಣ್ಣು ನನ್ನ ಮೇಲಿತ್ತು. ಆ ನೋಟದ ಗುರುತು ನನಗೆ ಚೆನ್ನಾಗಿತ್ತು. ಹದಿನೈದು ದಿನ ನಾನು ಚಿಕ್ಕವಳ ಹಿಮ್ಮಡಿಯನ್ನು ನೋಡಿದ್ದು ಹೀಗೆಯೇ. ನಾಳೆಯಿಂದ ಇವರು ನನ್ನ ಬಟ್ಟೆ ಮೂಸುತ್ತಾರೆ. ಯಾರೋ ಒಬ್ಬಳು ಒದ್ದೆ ಅಂಚು ಒಳಗಿಟ್ಟು ಮಡಿಸುತ್ತಾಳೆ. ಧಣಿ ಅವಳಿಗೂ ಭಲೇ ಅನ್ನುತ್ತಾನೆ. ನನ್ನ ಹೊಟ್ಟೆಕಿಚ್ಚು ನನ್ನದೆಂದುಕೊಂಡಿದ್ದೆ. ಅದನ್ನೂ ಈ ಸೂಳೇಮಗ ಕೂಲಿಗೆ ಇಟ್ಟುಕೊಂಡಿದ್ದಾನೆ ಎಂದು ತಿಳಿದಾಗ ಮೈ ಎಲ್ಲ ಹೇಸಿಗೆಯಾಯಿತು.

ನಾನು ಜಗಲಿಯ ಮೇಲೆ ಕೂತುಬಿಟ್ಟೆ.

"ಏನೇ ಅದು?"

"ಕಾಲು ನೋಯ್ತಿದೆ ಧಣಿ."

"ಎದ್ದು ಅವಳನ್ನ ದಬ್ಬು ಅಂದ್ರೆ ಕಾಲು ನೋಯುತ್ತಾ?"

"ಹನ್ನೆರಡು ವರ್ಷದ ನೋವು. ಈಗ ಗೊತ್ತಾಗ್ತಿದೆ."

ಚಿಕ್ಕವಳು ಮುಖದ ಕಪ್ಪನ್ನು ತೋಳಿಗೆ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು. ಅವಳ ಮೈಯಿಂದ ಮುಗ್ಗಲು ವಾಸನೆ ಬರುತ್ತಿತ್ತು. ಗೊಗ್ಗರಿ ಇಬ್ಬರನ್ನೂ ನೋಡಿ, "ತಪ್ಪು ಮಾಡಿದ ಇವೆರಡು ಮಹಾರಾಣಿ ಥರ ಕೂತ್ರೆ ನಾನ್ಯಾಕೆ ನಿಂತು ಸಾಯ್ಲಿ?" ಎಂದು ಗೊಣಗಿ ಕುಕ್ಕರಿಸಿದಳು. ಅವಳು ಕೂತದ್ದು ಕಂಡು ಇನ್ನೊಬ್ಬಳು ಕೂತಳು. ಅವಳು ಕೂತರೆ ನಾನೇನು ಕಡಿಮೆ ಎಂದು ಮತ್ತೊಬ್ಬಳು. ಯಾರೂ ಘೋಷಣೆ ಕೂಗಲಿಲ್ಲ. ಬೇರೆಯವರು ಕೂತಿರುವಾಗ ತಾನೊಬ್ಬಳೇ ಹೊರಲು ಯಾರಿಗೂ ಮನಸ್ಸಾಗಲಿಲ್ಲ, ಅಷ್ಟೇ. ಹನ್ನೊಂದು ಜನವೂ ಜಗಲಿಯ ಮೇಲೆ ಸಾಲಾಗಿ ಕೂತೆವು.

ಮೊದಲ ಹನಿ ಹಾಯಿಯ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

"ಎದ್ದೇಳ್ರೇ! ಹಾಯಿ! ಹಾಯಿ ನೆನೀತಿದೆ!" ಮೇಸ್ತ್ರಿ ಎರಡು ಸಲ ಆಚೆಯಿಂದೀಚೆಗೆ ಓಡಿದ. ಬೈದ, ನಮ್ಮ ತಾಯಂದಿರನ್ನೂ ಬಿಡಲಿಲ್ಲ. ಗಂಡಸರೆಲ್ಲ ದೂರದ ದಡದಲ್ಲಿ ದೋಣಿ ಎಳೆಯುತ್ತಿದ್ದರು, ಕೂಗಿದರೂ ಕೇಳದಷ್ಟು ದೂರ. ಹಾಯಿ ಮಡಿಸಿ ಗೊತ್ತಿದ್ದವರು ಆ ಅಂಗಳದಲ್ಲಿ ನಾವೇ. ಮಳೆ ಜೋರಾಯಿತು. ಬಿಳಿ ಬಟ್ಟೆಗಳು ಒಂದೊಂದಾಗಿ ಬೂದಿಬಣ್ಣಕ್ಕೆ ತಿರುಗಿದವು.

ಧಣಿ ನಮ್ಮ ಮುಂದೆ ಬಂದು ನಿಂತ. ಕೂದಲಿಂದ ನೀರು ಇಳಿಯುತ್ತಿತ್ತು. "ಆಯ್ತು! ಕೇಳ್ರಿ! ಯಾರು ಮೊದಲು ಏಳ್ತಾರೋ ಉಗ್ರಾಣ ಅವರಿಗೇ! ಈ ಒಂದು ವರ್ಷಕ್ಕಲ್ಲ, ಬದುಕಿರೋ ತನಕ! ಯಾರು? ಯಾರು ಏಳ್ತೀರಿ?"

ಬದುಕಿರೋ ತನಕ. ನನ್ನ ಮೊಣಕಾಲು ನನ್ನನ್ನು ಕೇಳದೆಯೇ ಅಲುಗಿತು. ಚಿಕ್ಕವಳು ನನ್ನ ಮೊಣಕಾಲನ್ನು ನೋಡಿದಳು. ಅವಳ ಅಂಗೈ ನೆಲಕ್ಕೆ ಊರಿರುವುದನ್ನು ನಾನು ನೋಡಿದೆ. ಇವಳು ಏಳುತ್ತಾಳೆ. ಎದ್ದೇ ಬಿಡುತ್ತಾಳೆ. ತಟ್ಟನೆ ಅವಳ ಮಣಿಕಟ್ಟು ಹಿಡಿದೆ. ಅವಳ ಇನ್ನೊಂದು ಕೈ ಬಂದು ನನ್ನ ತೋಳನ್ನು ಉಗುರೂರುವಂತೆ ಹಿಡಿಯಿತು. ಆ ಕಡೆ ಗೊಗ್ಗರಿ ಪಕ್ಕದವಳ ಬಟ್ಟೆಯ ತುದಿಯನ್ನು ತೊಡೆಯ ಕೆಳಗೆ ಒತ್ತಿಕೊಂಡು, "ಎದ್ದು ನೋಡೇ, ಕಾಲು ಮುರೀತೀನಿ" ಅನ್ನುತ್ತಿದ್ದಳು. ಆ ಪಕ್ಕದವಳು ಇನ್ನೊಬ್ಬಳ ಜುಟ್ಟು ಹಿಡಿದಿದ್ದಳು. ಹನ್ನೊಂದು ಜನರಲ್ಲಿ ಯಾರ ಕೈಯೂ ಬರಿದಾಗಿರಲಿಲ್ಲ.

ಧಣಿ ಕಾದ. ಆಮೇಲೆ ಬೂಟುಗಾಲಲ್ಲೇ ಅಂಗಳಕ್ಕೆ ಇಳಿದು, ಎಲ್ಲಕ್ಕಿಂತ ದೊಡ್ಡ ಹಾಯಿಯ ಒಂದು ತುದಿ ಹಿಡಿದ. ಮೇಸ್ತ್ರಿ ಇನ್ನೊಂದು ತುದಿ ಹಿಡಿದ. ನೆನೆದ ಹಾಯಿ ಆರು ಜನ ಹೊರುವ ಭಾರ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದರು. ಹೊಲಿಗೆ ಬಿಟ್ಟು ಬಟ್ಟೆ ಉದ್ದಕ್ಕೂ ಹರಿದ ಸದ್ದು ಜಗಲಿಗೆ ಕೇಳಿಸಿತು.

"ಬಿಡಕ್ಕ, ಕೈ ನೋಯ್ತಿದೆ" ಅಂದಳು ಚಿಕ್ಕವಳು.

"ಮೊದಲು ನೀನು ಬಿಡು."

ಅವಳು ಬಿಡಲಿಲ್ಲ. ನಾನೂ ಬಿಡಲಿಲ್ಲ.